ಓಟು ಹಾಕ್ತೀನಿ ಅಂದವನು ನಾನೇ

2021ರ ಅಕ್ಟೋಬರ್. ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ಬಂತು. ನ್ಯೂಜೆರ್ಸಿ ಗವರ್ನರ್ ಚುನಾವಣೆಯ ಸಮೀಕ್ಷೆಯಂತೆ. (ಊರಲ್ಲಿರುವವರಿಗೆ ಒಂದು ಮಾತು: ಇಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರೇ ಆರಿಸುತ್ತಾರೆ, ಅಧಿಕಾರ ನಮ್ಮ ಮುಖ್ಯಮಂತ್ರಿಯಷ್ಟು.) ಯಾರಿಗೆ ಓಟು ಅನ್ನುವುದಕ್ಕಿಂತ ಮೊದಲೇ ಆ ಕಡೆಯ ಹುಡುಗಿ ಕೇಳಿದ್ದು, "ಈ ಸಲ ಓಟು ಹಾಕ್ತೀರಾ? ಖಂಡಿತಾನಾ, ಬಹುಶಃನಾ, ಇಲ್ವಾ?"

"ಖಂಡಿತ" ಅಂದೆ. ಪೌರತ್ವ ಸಿಕ್ಕ ಮೇಲೆ ಅದು ನನ್ನ ಮೊದಲ ಗವರ್ನರ್ ಚುನಾವಣೆ. ಬೇರೆ ಏನು ಹೇಳಲಿ?

ನವೆಂಬರ್ 2, ಮಂಗಳವಾರ. ದೀಪಾವಳಿಗೆ ಎರಡೇ ದಿನ. ಆಫೀಸಿನಿಂದ ನೇರವಾಗಿ ಎಡಿಸನ್‌ನ ಓಕ್ ಟ್ರೀ ರಸ್ತೆಗೆ ಹೋದೆ. ಹಣತೆ, ಹೂವು, ಸಿಹಿ, ಪಾರ್ಕಿಂಗಿಗೆ ಅರ್ಧ ಗಂಟೆ. ಮನೆ ಮುಟ್ಟಿದಾಗ ಎಂಟು ದಾಟಿತ್ತು. ಮತಗಟ್ಟೆ ಮುಚ್ಚುವುದು ಎಂಟಕ್ಕೆ. ಅಂಚೆಯಲ್ಲಿ ಕಳಿಸಬಹುದಿತ್ತು. ಮುಂಚಿತವಾಗಿ ಹೋಗಿ ಯಂತ್ರದಲ್ಲೇ ಹಾಕುವ ಏರ್ಪಾಡೂ ಆ ವರ್ಷ ಮೊದಲ ಸಲ ಬಂದಿತ್ತು, ಒಂಬತ್ತು ದಿನ. ಹಾಗಾಗಿ ನೆಪಕ್ಕೂ ಜಾಗವಿಲ್ಲ.

ಆ ಚುನಾವಣೆಗೆ ಮುಂಚೆ ಮಾನ್ಮತ್ ವಿಶ್ವವಿದ್ಯಾಲಯದ ಕೊನೆಯ ಸಮೀಕ್ಷೆ ಬಂದಿತ್ತು. ನೋಂದಾಯಿತ ಮತದಾರರಲ್ಲಿ ಆಗಿನ ಗವರ್ನರ್, ಡೆಮಾಕ್ರಟ್ ಫಿಲ್ ಮರ್ಫಿಗೆ 11 ಅಂಕ ಮುನ್ನಡೆ, ಅಂದರೆ ಎದುರಾಳಿಗಿಂತ ನೂರಕ್ಕೆ 11 ಜಾಸ್ತಿ. ಗೆದ್ದದ್ದು ಮೂರು ಅಂಕದಲ್ಲಿ, ಏದುಸಿರು ಬಿಟ್ಟುಕೊಂಡು. ಸಮೀಕ್ಷೆ ನಡೆಸಿದ ಪ್ಯಾಟ್ರಿಕ್ ಮರ್ರೇ ಪತ್ರಿಕೆಯಲ್ಲಿ ಲೇಖನ ಬರೆದು, ತಪ್ಪು ನನ್ನದು ಅಂತ ಒಪ್ಪಿಕೊಂಡರು. ಗೆದ್ದವರು, ಸೋತವರು ಇಬ್ಬರ ಕಡೆಯವರ ಕ್ಷಮೆಯನ್ನೂ ಕೇಳಿದರು. ಓದುವಾಗ ನನಗೆ ಮುಜುಗರ ಆಯಿತು. ನನಗೆ ಫೋನ್ ಮಾಡಿದ್ದು ಅವರೇ ಅಲ್ಲದಿರಬಹುದು. ಆದರೆ ನನ್ನಂಥವರು ಎಷ್ಟು ಸಾವಿರ ಜನ "ಖಂಡಿತ" ಅಂದು ಹಣತೆ ತರಲು ಹೋದರೋ!

ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಅಕ್ಟೋಬರ್‌ಗೂ ಒಂದು ಜಗಳ ಇದ್ದೇ ಇರುತ್ತೆ. "ನಮ್ಮ ಬೀದಿಯಲ್ಲಿ ಯಾರನ್ನೂ ಕೇಳಿಲ್ಲ, ಎಲ್ಲ ದುಡ್ಡು ಕೊಟ್ಟು ಮಾಡಿಸಿದ್ದು" ಅಂತ ಒಬ್ಬರು. "ಎಂಟುನೂರು ಜನರನ್ನು ಕೇಳಿದರೆ ಸಾಕು, ಲೆಕ್ಕಶಾಸ್ತ್ರ ಓದಿ" ಅಂತ ಇನ್ನೊಬ್ಬರು. ನನಗೆ ಇಬ್ಬರ ಮಾತೂ ಸರಿ ಅನಿಸಲ್ಲ. ಸಾರಿನ ರುಚಿ ನೋಡಲು ಒಂದು ಸೌಟು ಸಾಕು, ನಿಜ. ಆದರೆ ಇಲ್ಲಿ ಸಾರು ಇನ್ನೂ ಆಗಿಯೇ ಇಲ್ಲ. ಯಾರು ಮತಗಟ್ಟೆಗೆ ಹೋಗುತ್ತಾರೆ ಅನ್ನುವುದು ಮಂಗಳವಾರ ಸಂಜೆ ತನಕ ಯಾರಿಗೂ ಗೊತ್ತಿಲ್ಲ. ಇಲ್ಲಿಯವರು "ಲೈಕ್ಲಿ ವೋಟರ್" ಅನ್ನುತ್ತಾರಲ್ಲ, ಓಟು ಹಾಕುವ ಸಾಧ್ಯತೆ ಇರುವವರು, ಅವರನ್ನು ಸಮೀಕ್ಷೆಯವರು ಹುಡುಕಿ ತರುವುದಿಲ್ಲ. ಕೂತು ತಯಾರು ಮಾಡುತ್ತಾರೆ.

ನಮ್ಮಲ್ಲಿ ಮದುವೆಗೆ ಅಡುಗೆ ಭಟ್ಟರು ಕೇಳುತ್ತಾರಲ್ಲ, "ಎಷ್ಟು ಎಲೆ?" ಅಂತ. ಪತ್ರಿಕೆ ಕೊಟ್ಟಾಗ ಎಲ್ಲರೂ "ಬಂದೇ ಬರ್ತೀವಿ" ಅಂದಿರುತ್ತಾರೆ. ಆ ಲೆಕ್ಕದಲ್ಲಿ ಅಕ್ಕಿ ಹಾಕಿದರೆ ಅರ್ಧ ಅನ್ನ ಹಾಗೇ ಉಳಿಯುತ್ತೆ. ಮನೆಯ ಹಿರಿಯರು ಪಟ್ಟಿ ಹಿಡಿದು, ಇವರು ಹೋದ ಸಲ ಬಂದಿದ್ದರು, ಅವರು ಬರೀ ಬಾಯಿಮಾತು ಅಂತ ಗೀಟು ಹಾಕುತ್ತಾರೆ. ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯಲ್ಲಿ ಪಾಲ್ ಪೆರ್ರಿ ಅನ್ನುವವರು 1950ರ ದಶಕದಲ್ಲಿ ಮಾಡಿದ್ದು ಇದನ್ನೇ. ಚುನಾವಣೆ ಬಗ್ಗೆ ಎಷ್ಟು ಯೋಚಿಸಿದ್ದೀರಿ, ನಿಮ್ಮ ಕಡೆ ಮತಗಟ್ಟೆ ಎಲ್ಲಿದೆ ಗೊತ್ತಾ, ಹಿಂದೆ ಓಟು ಹಾಕಿದ್ದೀರಾ ಅಂತ ಒಂದಷ್ಟು ಪ್ರಶ್ನೆ ಕೇಳಿ ಅಂಕ ಕೊಡುವುದು. ಅಂಕ ಕಡಿಮೆ ಬಂದವರನ್ನು ಪಟ್ಟಿಯಿಂದ ತೆಗೆಯುವುದು. ಎಷ್ಟೋ ಚುನಾವಣೆಗಳಲ್ಲಿ ಕೆಲಸ ಮಾಡಿದ ಈ ಉಪಾಯ 2012ರ ಅಧ್ಯಕ್ಷ ಚುನಾವಣೆಯಲ್ಲಿ ಕೈಕೊಟ್ಟಿತು. ಗ್ಯಾಲಪ್‌ನ ಕೊನೆಯ ಲೆಕ್ಕದಲ್ಲಿ ರಾಮ್ನಿ 49, ಒಬಾಮ 48. ಒಬಾಮ ಗೆದ್ದದ್ದು ಸುಮಾರು ನಾಲ್ಕು ಅಂಕದಲ್ಲಿ. 2016ಕ್ಕೆ ಗ್ಯಾಲಪ್ ಯಾರು ಮುಂದೆ, ಯಾರು ಹಿಂದೆ ಅನ್ನುವ ಲೆಕ್ಕವನ್ನೇ ಬಿಟ್ಟಿತು.

ಇಡೀ ದೇಶದ ಲೆಕ್ಕವೇ ಹೀಗಾದರೆ ಒಂದೊಂದು ರಾಜ್ಯದ್ದು ಇನ್ನೂ ಕಷ್ಟ. ಅಲಬಾಮ ಕಥೆ ನೋಡಿ. 2017ರ ಡಿಸೆಂಬರ್ 12ಕ್ಕೆ ಅಲ್ಲಿ ಸೆನೆಟ್ ಉಪಚುನಾವಣೆ. ಅಪ್ಪಟ ರಿಪಬ್ಲಿಕನ್ ರಾಜ್ಯ. ಆ ಪಕ್ಷದ ರಾಯ್ ಮೂರ್ ಮೇಲೆ ಹದಿಹರೆಯದ ಹುಡುಗಿಯರ ಜೊತೆ ಕೆಟ್ಟದಾಗಿ ನಡೆದುಕೊಂಡ ಆರೋಪ ಇತ್ತು, ಅವರು ಅಲ್ಲಗಳೆದಿದ್ದರು. ಎದುರಿಗೆ ಡೆಮಾಕ್ರಟ್ ಡಗ್ ಜೋನ್ಸ್. ಮತದಾನದ ಹಿಂದಿನ ದಿನ ಮೂರು ಸಮೀಕ್ಷೆ ಬಂದವು. ಎಮರ್ಸನ್ ಕಾಲೇಜಿನದು ಮೂರ್‌ಗೆ 9 ಅಂಕ ಮುನ್ನಡೆ ಅಂತು. ಫಾಕ್ಸ್ ನ್ಯೂಸ್‌ನದು ಜೋನ್ಸ್‌ಗೆ 10. ಒಂದೇ ರಾಜ್ಯ, ಒಂದೇ ವಾರ, 19 ಅಂಕದ ಅಂತರ! ಮಾನ್ಮತ್‌ನದು ಸಮಸಮ, 46–46.

ಮಾನ್ಮತ್ ಇನ್ನೊಂದು ಕೆಲಸ ಮಾಡಿತು, ಅದೇ ನನಗೆ ಇಷ್ಟ ಆಗಿದ್ದು. ಹಿಂದಿನ ಮಧ್ಯಂತರ ಚುನಾವಣೆಗಳ (ಅಧ್ಯಕ್ಷರ ಅವಧಿಯ ನಡುವೆ ಬರುವಂಥವು) ಥರದ ಜನ ಬಂದರೆ ಮೂರ್‌ಗೆ 4 ಜಾಸ್ತಿ, 2016ರ ಅಧ್ಯಕ್ಷ ಚುನಾವಣೆಯ ಥರ ಜಾಸ್ತಿ ಜನ ಬಂದರೆ ಜೋನ್ಸ್‌ಗೆ 3 ಜಾಸ್ತಿ ಅಂತ ಮೂರು ಲೆಕ್ಕವನ್ನೂ ಒಟ್ಟಿಗೆ ಮುಂದಿಟ್ಟಿತು. ಸರ್ವೇಮಂಕಿ ಅನ್ನುವ ಆನ್‌ಲೈನ್ ಸಮೀಕ್ಷೆ ಕಂಪನಿ ಇನ್ನೂ ಮುಂದೆ ಹೋಗಿ ಅವೇ ಉತ್ತರಗಳನ್ನು ಹತ್ತು ಬಗೆಯಲ್ಲಿ ಲೆಕ್ಕ ಹಾಕಿ ತೋರಿಸಿತು. ಒಂದು ತುದಿಯಲ್ಲಿ ಜೋನ್ಸ್‌ಗೆ 8, ಇನ್ನೊಂದು ತುದಿಯಲ್ಲಿ ಮೂರ್‌ಗೆ 9. ಜನ ಕೊಟ್ಟ ಉತ್ತರ ಒಂದೂ ಬದಲಾಗಿಲ್ಲ. ಎಲೆಯ ಲೆಕ್ಕ ಮಾತ್ರ ಬೇರೆ.

ಜೋನ್ಸ್ ಗೆದ್ದದ್ದು ಸುಮಾರು 22 ಸಾವಿರ ಓಟುಗಳಿಂದ. ಬ್ಲ್ಯಾಕ್ ಬೆಲ್ಟ್ ಅನ್ನುವ ಹಳ್ಳಿಗಾಡಿನ ಜಿಲ್ಲೆಗಳಲ್ಲಿ ಕಪ್ಪು ಜನ ಸಾಲುಗಟ್ಟಿ ಬಂದರು. ಮೂರ್‌ಗೆ ಹಾಕಬೇಕಿದ್ದ ಎಷ್ಟೋ ಮಂದಿ ಮನೆಯಲ್ಲೇ ಕೂತರು. 22 ಸಾವಿರಕ್ಕೂ ಜಾಸ್ತಿ ಜನ ಇಬ್ಬರೂ ಬೇಡ ಅಂತ ಚೀಟಿಯಲ್ಲಿ ಬೇರೆಯೇ ಹೆಸರು ಬರೆದರು. ಗೆಲುವಿನ ಅಂತರಕ್ಕಿಂತ ಅವರೇ ಜಾಸ್ತಿ!

ಇದರ ಹಿಂದಿನ ವರ್ಷ ನ್ಯೂಯಾರ್ಕ್ ಟೈಮ್ಸ್‌ನ ನೇಟ್ ಕೋನ್ ಒಂದು ಒಳ್ಳೆಯ ಪರೀಕ್ಷೆ ಮಾಡಿದ್ದರು. ಅಧ್ಯಕ್ಷ ಚುನಾವಣೆ ಬಗ್ಗೆ ಫ್ಲಾರಿಡಾದಲ್ಲಿ 867 ಜನ ಕೊಟ್ಟ ಉತ್ತರಗಳನ್ನು ನಾಲ್ಕು ಬೇರೆ ಬೇರೆ ಪರಿಣತರ ಕೈಗೆ ಕೊಟ್ಟು, ನೀವೇ ಲೆಕ್ಕ ಹಾಕಿ ಅಂದರು. ಟೈಮ್ಸ್‌ನದೂ ಸೇರಿ ಐದು ಉತ್ತರ. ಕ್ಲಿಂಟನ್‌ಗೆ 4 ಮುನ್ನಡೆಯಿಂದ ಹಿಡಿದು ಟ್ರಂಪ್‌ಗೆ 1 ಮುನ್ನಡೆವರೆಗೆ. ಐದೂ ಜನ ತಿಳಿದವರೇ, ಯಾರೂ ಮೋಸ ಮಾಡಿಲ್ಲ. ದುಡ್ಡಿನ ಮಾತು ಎತ್ತುವವರಿಗೆ ನಾನು ಯಾವಾಗಲೂ ಈ ಕಥೆ ಹೇಳುತ್ತೇನೆ. ಕೊನೆಗೆ ಟ್ರಂಪ್ ಒಂದು ಅಂಕಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ ಫ್ಲಾರಿಡಾ ಗೆದ್ದರು.

ನನ್ನ ತಕರಾರು ಇರುವುದು ಸಮೀಕ್ಷೆಯ ಜೊತೆ ಹಾಕುವ ಆ "ಪ್ಲಸ್ ಆರ್ ಮೈನಸ್ 3.5" ಮೇಲೆ. ಎಲ್ಲರ ಬದಲು ಎಂಟುನೂರು ಜನರನ್ನಷ್ಟೇ ಕೇಳಿದರೆ ಲೆಕ್ಕದಲ್ಲಿ ಬರುವ ಏರುಪೇರು ಅಷ್ಟು. ಅದೂ ಒಬ್ಬ ಅಭ್ಯರ್ಥಿಯ ಪಾಲಿಗೆ ಮಾತ್ರ. ಇಬ್ಬರ ನಡುವಿನ ಅಂತರಕ್ಕೆ ಹೆಚ್ಚುಕಮ್ಮಿ ದುಪ್ಪಟ್ಟು. ಯಾರು ಓಟು ಹಾಕುತ್ತಾರೆ ಅನ್ನುವ ಊಹೆ ತಪ್ಪಿದರೆ ಅದಕ್ಕೆ ಆ ಅಂಕಿಯಲ್ಲಿ ಜಾಗವೇ ಇಲ್ಲ. ಫೋನ್ ಎತ್ತದವರಿಗೂ ಇಲ್ಲ. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು, 2018ರಲ್ಲಿ 6. ಇಷ್ಟಾದರೂ ಟೀವಿಯ ಕೆಳಗಡೆ ಅದೇ 3.5 ಓಡುತ್ತಿರುತ್ತೆ, ಗಂಗಾಜಲ ಪ್ರೋಕ್ಷಣೆ ಮಾಡಿದ ಹಾಗೆ. ಅದರ ಬದಲು ಮಾನ್ಮತ್ ಅಲಬಾಮದಲ್ಲಿ ಮಾಡಿದಂತೆ ಎರಡು ಮೂರು ಲೆಕ್ಕ ಒಟ್ಟಿಗೆ ಹಾಕಲಿ. ಓದುವವರಿಗೆ ಗೊಂದಲ ಆಗುತ್ತೆ ಅಂತೀರಾ? ಆಗಲಿ. ಗೊಂದಲವೇ ಅಲ್ವಾ ನಿಜವಾದ ಸುದ್ದಿ.

ಹಾಗಂತ ಜನರ ಮಾತು ನಂಬಲೇಬಾರದು ಅನ್ನಲೂ ಆಗಲ್ಲ. ಅಯೋವಾ ರಾಜ್ಯದಲ್ಲಿ ಸಮೀಕ್ಷೆ ನಡೆಸುತ್ತಿದ್ದ ಆನ್ ಸೆಲ್ಜರ್ ಅವರ ವಿಧಾನ ತುಂಬಾ ಸರಳವಾಗಿತ್ತು. ಖಂಡಿತ ಹಾಕ್ತೀನಿ ಅಂದವರನ್ನು ನಂಬುವುದು, ಹಳೆಯ ಚುನಾವಣೆ ಹೀಗಿತ್ತು ಅಂತ ಅಂಕಿಗಳನ್ನು ಜಗ್ಗದೆ ಇರುವುದು. 2020ರಲ್ಲಿ ಅಲ್ಲಿ ಟ್ರಂಪ್‌ಗೆ 7 ಮುನ್ನಡೆ ಅಂದರು, ಬಂದದ್ದು 8. ಬೇರೆಯವರು ಸಮಸಮ ಅನ್ನುತ್ತಿದ್ದ ಕಾಲ ಅದು. 2024ರಲ್ಲಿ ಹ್ಯಾರಿಸ್‌ಗೆ 3 ಮುನ್ನಡೆ ಅಂದರು, ಟ್ರಂಪ್ 13ರಲ್ಲಿ ಗೆದ್ದರು. ಅಷ್ಟು ವರ್ಷದ ಹೆಸರು ಒಂದೇ ವಾರದಲ್ಲಿ ಮಣ್ಣುಪಾಲು. ನನಗೆ ಆಕೆಯ ಮೇಲೆ ಈಗಲೂ ಗೌರವ. ಎಲ್ಲರೂ ಒಂದು ಕಡೆ ಇದ್ದಾಗ ತನಗೆ ಬಂದ ಅಂಕಿಯನ್ನು ಬಚ್ಚಿಡದೆ ಹಾಕಲು ಗುಂಡಿಗೆ ಬೇಕು.

ನಮ್ಮವರ ಕಥೆಯೂ ಒಂದಿದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ನಿಂತಿದ್ದರು. ಸ್ವಂತ ದುಡ್ಡು ಸುರಿದು ಟೀವಿ ತುಂಬಾ ಜಾಹೀರಾತು. ವಸಂತದಲ್ಲಿ ಕೆಲವು ಸಮೀಕ್ಷೆಗಳಲ್ಲಿ ಅವರೇ ಮುಂದೆ! ಗುಂಪಿನಲ್ಲಿ ಆಗಲೇ ಅಭಿನಂದನೆ ಶುರುವಾಗಿತ್ತು. ಆಗಸ್ಟ್‌ನಲ್ಲಿ ಓಟು ಎಣಿಸಿದಾಗ ಗ್ರೆಚನ್ ವಿಟ್ಮರ್ 52, ನಮ್ಮವರು 18ರ ಹತ್ತಿರ, ಮೂರನೇ ಜಾಗ. ಟೀವಿಯಲ್ಲಿ ನೋಡಿದ ಹೆಸರನ್ನು ಫೋನಿನಲ್ಲಿ ಹೇಳುವುದು ಸುಲಭ. ಆಗಸ್ಟ್ ಬಿಸಿಲಲ್ಲಿ ಪ್ರೈಮರಿಗೆ ಹೋಗಿ ಹಾಕುವ ಜನವೇ ಬೇರೆ ಅನಿಸುತ್ತೆ ನನಗೆ. ಮುಂದೆ ಅವರು ಡೆಟ್ರಾಯ್ಟ್‌ನಿಂದ ಕಾಂಗ್ರೆಸ್‌ಗೆ (ಇಲ್ಲಿಯ ಸಂಸತ್ತಿಗೆ) ಗೆದ್ದರು, ಅದು ಬೇರೆ ಮಾತು.

ನೀವು ಯಾರಿಗೆ ಓಟು ಹಾಕಿದಿರಿ ಅನ್ನುವುದು ಇಲ್ಲಿಯೂ ಗುಟ್ಟು. ಹಾಕಿದಿರಾ ಇಲ್ವಾ ಅನ್ನುವುದು ಗುಟ್ಟಲ್ಲ. ಮತದಾರರ ಪಟ್ಟಿಯಲ್ಲಿ ದಾಖಲಾಗಿರುತ್ತೆ, ಸಮೀಕ್ಷೆಯವರು ಅದನ್ನು ಕೊಂಡು ಇಟ್ಟುಕೊಂಡಿರುತ್ತಾರೆ. ಇದು ತಿಳಿದ ದಿನ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವಳು 2021ರಲ್ಲಿ ಅಂಚೆಯಲ್ಲಿ ಕಳಿಸಿದ್ದಳು.

2025ರಲ್ಲಿ ಮತ್ತೆ ಗವರ್ನರ್ ಚುನಾವಣೆ. ಈ ಸಲ ಫೋನ್ ಅಲ್ಲ, ಮೆಸೇಜಿನಲ್ಲಿ ಲಿಂಕ್ ಬಂತು. ಓಟು ಹಾಕ್ತೀರಾ? ಖಂಡಿತ ಅಂತ ಒತ್ತಿದೆ. ಈ ಸಲ ಹೆಚ್ಚಿನ ಸಮೀಕ್ಷೆಗಳು ಡೆಮಾಕ್ರಟ್ ಮಿಕಿ ಶೆರಿಲ್‌ಗೆ ಒಂದಂಕಿಯ ಮುನ್ನಡೆ ಅಂದವು, ಆಕೆ ಗೆದ್ದದ್ದು 13 ಅಂಕಕ್ಕೂ ಜಾಸ್ತಿಯಲ್ಲಿ. 2021ರಲ್ಲಿ ಡೆಮಾಕ್ರಟ್‌ಗೆ ಜಾಸ್ತಿ ತೋರಿಸಿದ್ದ ತಪ್ಪು ಈಗ ಕಡಿಮೆ ತೋರಿಸುವ ಕಡೆಗೆ ವಾಲಿತ್ತು. ನಾನು ಮಾತ್ರ ಮುಂಚಿತ ಮತದಾನದ ಮೊದಲ ಶನಿವಾರವೇ ಹೋಗಿ ಹಾಕಿ ಬಂದಿದ್ದೆ. 2021ರ ಖಾಲಿ ಜಾಗ ನೋಡಿ ನನ್ನ ಹೆಸರಿಗೆ ಸಮೀಕ್ಷೆಯವರು ಆಗಲೇ ಗೀಟು ಎಳೆದಿದ್ದರೋ ಏನೋ.