ಪಕ್ಕವಾದ್ಯದವರ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು

ರಾಯಚೂರಿನಲ್ಲಿ ಬಡಾವಣೆಯ ಸಂಗೀತಾಸಕ್ತರೇ ಚಂದಾ ಕೂಡಿಸಿ ನಡೆಸಿದ ಬೈಠಕ್ (ಚಿಕ್ಕ ಸಂಗೀತಕೂಟಗಳ) ಉತ್ಸವದ ಸಮಾರೋಪ ಕಛೇರಿಯ ಕುರಿತು ಪ್ರಕಟವಾದ ವರದಿಯು ಗಾಯಕಿಯ ಮಾರ್ವಾ ರಾಗದ ವಿಸ್ತಾರವನ್ನು ಸರಿಯಾಗಿಯೇ ಮೆಚ್ಚಿಕೊಂಡಿದೆ. ಆದರೆ ಹಾರ್ಮೋನಿಯಂ ಮತ್ತು ತಬಲಾ ವಾದಕರನ್ನು ‘ಉತ್ತಮ ಸಾಥ್ ನೀಡಿದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದು ನ್ಯಾಯವೆನಿಸಲಿಲ್ಲ. ಪಂಚಮ (ಪ) ಸ್ವರವನ್ನು ವರ್ಜಿಸಿ, ಷಡ್ಜವನ್ನೂ (ಸ) ಆದಷ್ಟು ದೂರವಿಟ್ಟು, ಕೋಮಲ ರಿಷಭ (ರಿ) ಹಾಗೂ ಶುದ್ಧ ಧೈವತ (ಧ) ಸ್ವರಗಳನ್ನೇ ನೆಚ್ಚಿ ಬೆಳೆಯುವ ಈ ರಾಗಕ್ಕೆ, ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಾದ) ನುಡಿಸಲಾಗದ ಹಾರ್ಮೋನಿಯಂನಲ್ಲಿ ಸಾಥ್ ಕೊಡುವುದು ಸುಲಭವಲ್ಲ. ಇದೇ ಕೊರತೆಯ ಕಾರಣಕ್ಕೆ ಆಕಾಶವಾಣಿಯು 1940ರಲ್ಲಿ ಆ ವಾದ್ಯವನ್ನು ನಿಷೇಧಿಸಿ, 1971ರವರೆಗೂ ಹೊರಗಿಟ್ಟಿತ್ತು. ಅಂಥ ವಾದ್ಯವನ್ನು ಹಿಡಿದ ಈ ಕಲಾವಿದರು ಗಾಯಕಿಯ ಉಸಿರಿನ ಬಿಡುವುಗಳನ್ನು ತುಂಬಲು ಆತುರಪಡದೆ, ಅನೇಕ ಕಡೆ ಬೆರಳೆತ್ತಿ ತಂಬೂರಿಯ ನಾದಕ್ಕೇ ಜಾಗ ಬಿಟ್ಟುಕೊಟ್ಟರು. ನನ್ನ ಅಭಿಪ್ರಾಯದಲ್ಲಿ ಅಂದಿನ ಕಛೇರಿಯ ಅತ್ಯಂತ ಪ್ರಬುದ್ಧ ನಡೆ ಅದೇ ಆಗಿತ್ತು. ನಿಧಾನಗತಿಯ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳನ್ನು (ತಾಳದ ಎಣಿಕೆಗಳನ್ನು) ತಬಲಾ ವಾದಕರೂ ಅಷ್ಟೇ ಸಂಯಮದಿಂದ ಕಾಯ್ದುಕೊಂಡರು. ಕೊನೆಯಲ್ಲಿ ಭೈರವಿಯಲ್ಲಿ ಹಾಡಿದ ವಚನ ಹಿತವಾಗಿತ್ತಾದರೂ, ವಚನ ಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರ ಹಾಡುಗಾರಿಕೆಯನ್ನು ಕೇಳಿದ ಜಿಲ್ಲೆಯವರಿಗೆ ಅದು ತುಸು ಅವಸರದ್ದೆನಿಸಿರಬಹುದು (ಸನ್ಮಾನದ ಭಾಷಣಗಳು ಸಮಯವನ್ನು ನುಂಗಿದ್ದವು ಎನ್ನಿ). ಮುಂದಿನ ವರ್ಷದ ಆಮಂತ್ರಣ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರುಗಳನ್ನೂ ಗಾಯಕರ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕೆಂದು ಸಂಘಟಕರಲ್ಲಿ ನನ್ನ ವಿನಂತಿ.