ಹಬ್ಬ ನಿಮ್ಮದು, ಏಣಿ ನಮ್ಮದು

ಮಲೆನಾಡಿನವರಿಗೆ ದೀಪಾವಳಿ ಅಂದರೆ ದೊಡ್ಡಹಬ್ಬ. ಈಗ ಅದಕ್ಕೆ ಕೊಟೇಶನ್ ಬೇರೆ ಬರುತ್ತಿರುವುದರಿಂದ ಇನ್ನೂ ದೊಡ್ಡದಾಗಿದೆ.

ಶಿವಮೊಗ್ಗದ ವಿನೋಬನಗರ, ಗೋಪಾಳದ ಕಡೆ ದಸರಾ ಮುಗಿಯುವ ಹೊತ್ತಿಗೇ ಟೇಪು ಹಿಡಿದ ಹುಡುಗರು ಗೇಟು ಅಲುಗಾಡಿಸುತ್ತಾರೆ. ಸೈಟು ಅಳೆಯಲು ಬಂದವರಲ್ಲ. ನಿಮ್ಮ ಮನೆಗೆ ಸೀರಿಯಲ್ ಸೆಟ್ ಕಟ್ಟಿಕೊಡುವ ಪ್ರೊಫೆಷನಲ್‌ಗಳು. ಮದುವೆ ಮನೆಗೆ ಬರುವ ಲೈಟಿಂಗ್ಸ್‌ನವರು ಅಂದುಕೊಂಡು ಮಾತಾಡಿಸಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಇವರು ಫೆಸ್ಟಿವ್ ಇಲ್ಯೂಮಿನೇಷನ್. ಮಾಡಿನ ಅಂಚಿಗೆ ರನ್ನಿಂಗ್ ಫೂಟ್ ಲೆಕ್ಕ, ತೆಂಗಿನ ಮರಕ್ಕೆ ಸುತ್ತಿನ ಲೆಕ್ಕ, ಕಾಂಪೌಂಡಿಗೆ ಬೇರೆ ರೇಟು, ಜಿಎಸ್‌ಟಿ ಪ್ರತ್ಯೇಕ. ತುಳಸಿಕಟ್ಟೆ ಮಾತ್ರ ಫ್ರೀ. ದೇವರ ಕೆಲಸ ಅಲ್ವಾ.

ಮೊದಲೆಲ್ಲ ಗಾಂಧಿ ಬಜಾರಿಗೆ ಹೋಗಿ ಒಂದು ಸೆಟ್ ತಂದರೆ ನಾಲ್ಕು ವರ್ಷ ಬರುತ್ತಿತ್ತು. ಹಬ್ಬದ ಹಿಂದಿನ ದಿನ ಅಟ್ಟದಿಂದ ಅದರ ಗಂಟು ಇಳಿಯುತ್ತಿತ್ತು. ಒಂದು ಬಲ್ಬು ಕೆಟ್ಟರೆ ಇಡೀ ಸಾಲು ಕತ್ತಲು. ಮನೆ ಯಜಮಾನ ಜಗಲಿಯಲ್ಲಿ ಕೂತು ಒಂದೊಂದೇ ಬಲ್ಬು ಕಿತ್ತು, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಸಿಕ್ಕಿಸುತ್ತಿದ್ದ. ಸುತ್ತ ನಾಲ್ಕು ಮಕ್ಕಳು, ಒಳಗಿಂದ ಹೆಂಡತಿಯ ಸಲಹೆ, ನಡುವೆ ಒಮ್ಮೆ ಸಣ್ಣಗೆ ಶಾಕು. ಅಷ್ಟಾದ ಮೇಲೆ ಹತ್ತಿದ ದೀಪಕ್ಕೆ ಊರೆಲ್ಲ ಹೇಳಿಕೊಂಡು ತಿರುಗುವಷ್ಟು ಬೆಲೆ ಇತ್ತು. ಈಗ ಯಜಮಾನ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತನ್ನ ಮನೆಯನ್ನೇ ನೋಡುತ್ತಾನೆ, ಜಾತ್ರೆಗೆ ಬಂದ ನೆಂಟನ ಹಾಗೆ. ಕೆಲಸ ಒಂದೇ: ವಿಡಿಯೊ ಮಾಡುವುದು.

ಈ ವಿದ್ಯೆ ಬಂದದ್ದು ಅಮೆರಿಕದಿಂದ. ಅಲ್ಲಿ ಕ್ರಿಸ್‌ಮಸ್ ದೀಪ ಕಟ್ಟುವುದಕ್ಕೆಂದೇ ಕಂಪನಿಗಳಿವೆ. ಅಡಿ ಲೆಕ್ಕದಲ್ಲಿ ಅಳೆದು ಕಟ್ಟುತ್ತಾರೆ, ಜನವರಿಯಲ್ಲಿ ಬಂದು ಬಿಚ್ಚುತ್ತಾರೆ, ಕೆಲವರು ತಮ್ಮ ಗೋದಾಮಿನಲ್ಲೇ ಇಟ್ಟುಕೊಂಡು ಮರುವರ್ಷ ತರುತ್ತಾರೆ. ಅವರ ಕಷ್ಟ ಅವರಿಗೆ. ಕಡಿದಾದ ಮಾಡು, ಅದರ ಮೇಲೆ ಹಿಮ, ಏಣಿಯಿಂದ ಬಿದ್ದರೆ ಆಸ್ಪತ್ರೆಯ ಬಿಲ್ಲು. ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಕಟ್ಟಿದಾಗ ಈ ಸೌಕರ್ಯ ಇರಲಿಲ್ಲ. ವೈರನ್ನು ಕೈಯಲ್ಲೇ ಸುತ್ತಬೇಕಾಯಿತು, ಪಾಪ.

ನಮ್ಮಲ್ಲಿ ಹಿಮ ಇಲ್ಲ. ಆದರೆ ನಾವೂ ಏನು ಕಡಿಮೆ? ಆರು ತಿಂಗಳ ಮಳೆಗೆ ಹೆಂಚಿನ ಮೇಲೆ ಬೆಳೆದ ಪಾಚಿ ಇದೆ.

ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ ಮೇಲೆ ಈ ಸೇವೆ ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೂ ಹಬ್ಬಿದೆ. ಅಲ್ಲೊಬ್ಬ ಗೌಡ್ರ ಮನೆಗೆ ಟೀಮ್ ಬಂತು. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು, ಬೆನ್ನ ಮೇಲೆ ಕಂಪನಿ ಹೆಸರು. ಮಂಗಳೂರು ಹೆಂಚಿನ ಮಾಡಿಗೆ ಏಣಿ ಒರಗಿಸಿ ಒಬ್ಬ ಹುಡುಗ ಕಾಲಿಟ್ಟ. ಎರಡು ಹೆಂಚು ಒಡೆದವು, ಹುಡುಗ ಸೊಂಟದ ಬೆಲ್ಟ್ ಸಮೇತ ದಾಸವಾಳದ ಗಿಡಕ್ಕೆ ಬಂದ. ಪುಣ್ಯಕ್ಕೆ ಏನೂ ಆಗಲಿಲ್ಲ. ಸುಧಾರಿಸಿಕೊಂಡು ಕೇಳಿದನಂತೆ: 'ಸಾರ್, ಇಲ್ಲಿ ಹತ್ತೋರು ಯಾರಾದ್ರೂ ಇದಾರಾ?'

ಮಲೆನಾಡಿನಲ್ಲಿ ಹತ್ತುವವರಿಗೆ ಬರವೇ? ಕೊನೆಗಾರನನ್ನು ಕರೆಸಿದರು. ಕಾಲಿಗೆ ತಳೆ ಹಾಕಿಕೊಂಡು ಅರವತ್ತಡಿ ಅಡಿಕೆ ಮರ ಹತ್ತಿ, ಕೆಳಗಿಳಿಯದೇ ಮರದಿಂದ ಮರಕ್ಕೆ ದಾಟಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಮನುಷ್ಯ. ಅವನಿಗೆ ಹದಿನೈದಡಿಯ ಮಾಡು ಯಾವ ಲೆಕ್ಕ. ಬೀಡಿ ಆರುವ ಮೊದಲೇ ಕೆಲಸ ಮುಗಿಸಿದ. ಹೆಲ್ಮೆಟ್ಟಿನವರು ಕೆಳಗೆ ನಿಂತು ವೈರು ಕೊಟ್ಟರು. ಬಿಲ್ಲಿನಲ್ಲಿ ಅದು 'ಎತ್ತರದ ಕೆಲಸಕ್ಕೆ ತಜ್ಞರ ಶುಲ್ಕ' ಅಂತ ಬಂತು. ಕೊನೆಗಾರನಿಗೂ ಆವತ್ತು ಜ್ಞಾನೋದಯವಾಯಿತು. ಕೊನೆಗೊಯ್ಲು ಶುರುವಾಗುವ ಕಾಲದಲ್ಲಿ ಅವನೀಗ ತೋಟಕ್ಕೆ ಸಿಗುತ್ತಿಲ್ಲ. ಅಡಿಕೆ ಹಣ್ಣಾಗಿ ಉದುರುತ್ತಿದೆ. ಅದೇ ಅಡಿಕೆ ದುಡ್ಡಲ್ಲಿ ಕಟ್ಟಿಸಿದ ದೀಪದ ಬೆಳಕಲ್ಲಿ ಗೌಡ್ರು ಅದನ್ನು ಹೆಕ್ಕುತ್ತಿದ್ದಾರೆ.

ಪ್ಯಾಕೇಜಿನ ವಿವರ ಕೇಳಬೇಕು ನೀವು. ಎದುರಿನ ಎಲಿವೇಷನ್ ಮಾತ್ರ. ಹಿಂದಿನ ಕೊಟ್ಟಿಗೆಗೆ ಇಲ್ಲ. ದೊಡ್ಡಹಬ್ಬದ ದಿನ ಮೀಯಿಸಿ, ಹಾರ ಹಾಕಿ, ಪೂಜೆ ಮಾಡಿಸಿಕೊಳ್ಳಬೇಕಾದ ದನ ಕತ್ತಲಲ್ಲಿದೆ. ರಸ್ತೆಗೆ ಕಾಣದ ದನಕ್ಕೆ ದೀಪ ಯಾಕೆ? ಬಣ್ಣದ ವಿಷಯಕ್ಕೆ ಬಂದರೆ ಸೇಲ್ಸ್ ಹುಡುಗನ ಕೈಯಲ್ಲಿ ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಪಟ್ಟಿ ಇದೆ. 'ಇದು ವಾರ್ಮ್ ವೈಟ್ ಸಾರ್, 2700. ಥೇಟ್ ಹಣತೆ ಫೀಲ್.' ಮನೆಯ ಅಜ್ಜಿ ಹಾಗಾದರೆ ಹಣತೆಯನ್ನೇ ಹಚ್ಚಬಹುದಲ್ವಾ ಅಂದರೆ ಹುಡುಗ ಕನಿಕರದಿಂದ ನಕ್ಕ. 'ಹಣತೆ 1900ರ ಹತ್ತಿರ ನಿಂತುಬಿಡ್ತದೆ ಅಜ್ಜಿ. ವಿಡಿಯೊದಲ್ಲಿ ಹಳದಿ ಬರ್ತದೆ.' ಅದೂ ಅಲ್ಲದೆ ವೈರಿನ ಹತ್ತಿರ ಬೆಂಕಿ ಇಟ್ಟರೆ ವಾರಂಟಿ ಹೋಗುತ್ತದಂತೆ. ಹೀಗಾಗಿ ದೀಪಾವಳಿಯಲ್ಲಿ ಆ ಮನೆಯ ಜಗಲಿಗೆ ದೀಪ ನಿಷೇಧ.

ಕರಾರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಬೂರೆ ಹಬ್ಬದ ರಾತ್ರಿ ಕಳುವಾದ ವಸ್ತುಗಳಿಗೆ ಕಂಪನಿ ಹೊಣೆಯಲ್ಲ.' ಆ ರಾತ್ರಿ ಊರ ಹುಡುಗರು ಸೌತೆಕಾಯಿ, ಎಳನೀರು ಕದ್ದರೆ ಯಾರೂ ಬೈಯುವಂತಿಲ್ಲ, ಅದು ಪದ್ಧತಿ. ಹುಡುಗರೂ ಕಾಲಕ್ಕೆ ತಕ್ಕ ಹಾಗೆ ಬದಲಾಗಿದ್ದಾರೆ. ಬೆಳಗ್ಗೆ ನೋಡಿದರೆ ಸೌತೆಕಾಯಿ ಬಳ್ಳಿಯಲ್ಲೇ ಇದೆ, ಕಾಂಪೌಂಡಿನ ಹದಿನಾರಡಿ ವಾರ್ಮ್ ವೈಟ್ ಕ್ರಿಕೆಟ್ ಮೈದಾನದ ಬೇಲಿಯಲ್ಲಿದೆ.

ಕರೆಂಟಿನ ಲೆಕ್ಕವೂ ಚೆಂದ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಾವೆಲ್ಲ ಮೀಟರ್ ಓದುವುದರಲ್ಲಿ ಪಂಡಿತರು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎಲ್‌ಇಡಿ ಸಾಲು ತಿನ್ನುವುದು ಕಡಿಮೆಯೇ. ಆದರೆ ಪ್ರೀಮಿಯಂ ಪ್ಯಾಕೇಜಿನಲ್ಲಿ ಗೋಡೆಗೆ ಬೆಳಕು ಹೊಡೆಯಲು 100 ವ್ಯಾಟಿನ ಹತ್ತು ಫೋಕಸ್ ಲೈಟ್ ಇರುತ್ತವೆ. ಸಂಜೆಯಿಂದ ಆರು ತಾಸು ಉರಿದರೆ ದಿನಕ್ಕೆ 6 ಯೂನಿಟ್, ಹದಿನೈದು ದಿನಕ್ಕೆ 90. ಇದನ್ನು ಎಲ್ಲಿಂದ ಉಳಿಸುವುದು? ಮನೆಯೊಳಗಿಂದ. ಹೊರಗೆ ಗೋಡೆ ಝಗಮಗ, ಒಳಗೆ ಮನೆಮಂದಿ ಮೊಬೈಲ್ ಟಾರ್ಚ್ ಹಿಡಿದು ಚೀನಿಕಾಯಿ ಕಡುಬು ತಿನ್ನುತ್ತಿದ್ದಾರೆ. ಫೋಕಸ್ ಬೆಳಕಿಗೆ ಗದ್ದೆಯ ಹಸಿರು ಜಿಗಿಹುಳಗಳು ದಂಡೆತ್ತಿ ಬರುವುದರಿಂದ ಕಿಟಕಿ ಬಾಗಿಲೂ ಬಂದ್. ಕಡುಬಿನ ಮೇಲೆ ತುಪ್ಪ ಬಿತ್ತೋ ಹುಳ ಬಿತ್ತೋ ಅಂತ ಟಾರ್ಚ್ ಹತ್ತಿರ ತಂದು ನೋಡಬೇಕು.

ಬೆಳಕಿಗೆ ನಮ್ಮ ಜಿಲ್ಲೆ ಕೊಟ್ಟ ಬೆಲೆ ಸಣ್ಣದೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಹಳ್ಳಿಗಳು ನೀರಿನಡಿ ಹೋದವು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಮುಳುಗಡೆಯವರ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಆಗ ಅವರ ಕಡೆಯಿಂದ ಟೇಪು ಹಿಡಿದು ರನ್ನಿಂಗ್ ಫೂಟ್ ಲೆಕ್ಕ ಹಾಕುವ ಹುಡುಗರು ಯಾರೂ ಇರಲಿಲ್ಲ ನೋಡಿ.

ಮತ್ತೆ ಗೌಡ್ರ ಮನೆಗೇ ಬರೋಣ. ಅವರ ದೀಪಕ್ಕೆ ಸ್ವಿಚ್ಚಿಲ್ಲ, ಆ್ಯಪ್ ಇದೆ. ಆ್ಯಪಿಗೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇರುವುದು ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಒಂದು ಬಂಡೆಯ ಮೇಲೆ, ಅದೂ ಉತ್ತರಕ್ಕೆ ಮುಖ ಮಾಡಿ ನಿಂತರೆ. ದಿನಾ ಸಂಜೆ ಗೌಡ್ರ ಮಗ ಗುಡ್ಡ ಹತ್ತಿ ದೀಪ ಹಾಕುತ್ತಾನೆ, ರಾತ್ರಿ ಮತ್ತೆ ಹತ್ತಿ ಆರಿಸುತ್ತಾನೆ. ಜಿಮ್ ಫೀಸು ಉಳಿಯಿತು ಅಂತ ಗೌಡ್ರಿಗೆ ಸಮಾಧಾನ.

ಪಾಡ್ಯದ ರಾತ್ರಿ ಅಂಟಿಗೆ ಪಂಟಿಗೆಯವರು ಬಂದರು. ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಗಾಳಿಗೆ ಆರದ ಹಾಗೆ ಕಾಪಾಡಿಕೊಂಡು, ಪದ ಹೇಳುತ್ತಾ, ಮನೆಮನೆಗೆ ನಡೆದು ಬರುವ ತಂಡ. ಮನೆಯಾಕೆ ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಹಣತೆ ಹಚ್ಚಿಕೊಳ್ಳಬೇಕು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು, ಮಲೆನಾಡಲ್ಲಿ ಮರಗಳಿಗೆ ಅದೇ ಕೆಲಸ. ಕತ್ತಲಲ್ಲಿ ಗೌಡ್ತಿ ಹಣತೆಗೆ ತಡಕಾಡಿದರು. ಹಣತೆ ಎಲ್ಲಿರುತ್ತದೆ? ಬತ್ತಿಯೂ ಇಲ್ಲ. ಕೊನೆಗೆ ಅಜ್ಜಿ ತನ್ನ ಟ್ರಂಕಿನಿಂದ ಒಂದು ಮಣ್ಣಿನ ಹಣತೆ ತೆಗೆದು, ಹಳೇ ಸೀರೆಯ ಚೂರು ಹೊಸೆದು ಬತ್ತಿ ಮಾಡಿದರು. ತಂಡದ ಹಿರಿಯ ದೀಪ ಹಚ್ಚಿಕೊಡುತ್ತಾ ಕೇಳಿದ: 'ಇದು ಎಷ್ಟು ಕೆಲ್ವಿನ್ನು ಗೌಡ್ರೇ?' ಊರಲ್ಲಿ ಸುದ್ದಿಗೆ ನೆಟ್‌ವರ್ಕ್ ಬೇಡ.

ಇನ್ನು ಬಿಚ್ಚುವ ಮಾತು. ಕಟ್ಟುವಾಗ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಕಂಪನಿ ಈಗ ನಾಟ್ ರೀಚಬಲ್. ಒಮ್ಮೆ ಸಿಕ್ಕಾಗ, 'ಬಿಚ್ಚೋದು ಬೇರೆ ಟೀಮ್ ಸಾರ್' ಅಂದಿತು. ತುಳಸಿ ಹಬ್ಬ ಹೋಯಿತು, ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಆಯಿತು. ಅರ್ಧ ಸಾಲು ಸತ್ತಿದೆ, ಉಳಿದರ್ಧ ಮಿಣುಕುತ್ತಿದೆ. ರಸ್ತೆಯಲ್ಲಿ ಹೋಗುವವರು ಒಳಗೆ ಬಂದು ಮದುವೆ ಯಾರದ್ದು ಅಂತ ವಿಚಾರಿಸಿ, ಕಾಫಿ ಕುಡಿದು ಹೋಗುತ್ತಾರೆ. ಗೌಡ್ರು ಸೋತು ಕೊನೆಗಾರನಿಗೇ ಹೇಳಿ ಕಳಿಸಿದರು. ಅವನು ಬಂದು, ಮಾಡನ್ನು ಒಂದು ಸುತ್ತು ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

'ಬಿಚ್ಚೋದು ಎಂತ ದೊಡ್ಡದಲ್ಲ ಗೌಡ್ರೇ. ಆದ್ರೆ ಇನ್ನು ಏಳೆಂಟು ತಿಂಗ್ಳಿಗೆ ಮತ್ತೆ ದೊಡ್ಡಹಬ್ಬ ಅಲ್ದಾ? ಹಂಗೇ ಇರ್ಲಿ ಬಿಡಿ. ಕಟ್ಟಿದ ಕೂಲಿ ಮಾತ್ರ ಆವಾಗ ಕೊಡಿ.'