ನಾಲ್ಕು ಟನ್ ಹಾವುಮೀನು, ರಾಗಿ ಕಾಳಿಗಿಂತ ಹಗುರ ವಿಷ

ಊರಿಗೆ ಹೋದಾಗಲೆಲ್ಲ ಯಾರಾದರೂ ಹೇಳುವ ಮಾತು: "ಜಪಾನಿನವರ ಹತ್ರ ದುಡ್ಡುಂಟು ಮಾರಾಯ, ಸಂಶೋಧನೆ ಮಾಡ್ತಾರೆ." ದುಡ್ಡಿರುವುದು ನಿಜ. ಆದರೆ ಸೆಂದಾಯ್‌ನಲ್ಲಿ ಇಷ್ಟು ವರ್ಷ ಬದುಕಿದ ಮೇಲೆ ನನಗೆ ದುಡ್ಡು ಎರಡನೆಯ ಕಾರಣ ಅನಿಸಿದೆ. ಒಂದೇ ಪ್ರಶ್ನೆಯ ಹಿಂದೆ ಒಬ್ಬ ಮನುಷ್ಯನನ್ನು ಜೀವಮಾನವಿಡೀ ಬಿಟ್ಟುಬಿಡುವ ಧೈರ್ಯ ಮೊದಲನೆಯದು.

ಇಲ್ಲಿನ ತೊಹೊಕು ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿದ್ದ ತಾಕೇಶಿ ಯಾಸುಮೊತೊ ಅವರನ್ನೇ ತೆಗೆದುಕೊಳ್ಳಿ. ಕಡಲಿನ ಜೀವಿಗಳ ವಿಷ ಅವರ ವಿಷಯ. 1976ರಲ್ಲಿ ಸೆಂದಾಯ್ ಇರುವ ಮಿಯಾಗಿ ಪ್ರಾಂತ್ಯದಲ್ಲೇ ಪಚ್ಚಿಲೆ ಎಂಬ ಚಿಪ್ಪುಮೀನು ತಿಂದ ಕೆಲವರಿಗೆ ವಾಂತಿ-ಭೇದಿ ಹಿಡಿಯಿತು. ಪ್ರಾಣಕ್ಕೆ ಕುತ್ತು ತರುವ ಕಾಯಿಲೆಯಲ್ಲ, ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ನಮ್ಮಲ್ಲಾಗಿದ್ದರೆ ಒಆರ್‌ಎಸ್ ಕುಡಿಸಿ, ಪಚ್ಚಿಲೆ ಹಳಸಿತ್ತೋ ಏನೋ ಎಂದು ಮಾತು ಮುಗಿಸುತ್ತಿದ್ದೆವು. ಯಾಸುಮೊತೊ ತಂಡ ಅಲ್ಲಿಗೆ ಬಿಡಲಿಲ್ಲ. ಪಚ್ಚಿಲೆಯ ಜೀರ್ಣಗ್ರಂಥಿಯಲ್ಲಿ, ಅಂದರೆ ಒಳಗಿನ ಆ ಕಪ್ಪು ಮುದ್ದೆಯಲ್ಲಿ, ಬೇಯಿಸಿದರೂ ಹೋಗದ ವಿಷ ಸೇರಿಕೊಂಡಿರುವುದನ್ನು ಹಿಡಿದರು. 1980ರ ಹೊತ್ತಿಗೆ ಮೂಲ ಸಿಕ್ಕಿತು: ಡೈನೊಫಿಸಿಸ್ ಫೋರ್ಟಿ ಎಂಬ ಕಣ್ಣಿಗೆ ಕಾಣದ ಪಾಚಿ. ಆಮೇಲೆ ಅಣುವಿನ ರಚನೆಯೂ ಗೊತ್ತಾಯಿತು. ಅದೇ ಕುಲದ ಒಕಾಡೈಕ್ ಆಸಿಡ್ ಇವತ್ತು ಜೀವಕೋಶಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳ ದಿನಬಳಕೆಯ ಸಾಮಾನು. ಪ್ರೋಟೀನ್ ಫಾಸ್ಫಟೇಸ್ ಎಂಬ ಕಿಣ್ವಗಳನ್ನು ತಡೆದು ನೋಡಬೇಕಾದಾಗ ಅದನ್ನೇ ಹಾಕುತ್ತಾರೆ. ಭೇದಿಯ ದೂರಿನ ಬೆನ್ನು ಹಿಡಿದವರು ಇಲ್ಲಿಯವರೆಗೆ ಬಂದರು.

ಇನ್ನೊಂದು ಕಥೆ ಪೆಸಿಫಿಕ್ ದ್ವೀಪಗಳದ್ದು. ಫ್ರೆಂಚ್ ಪಾಲಿನೇಷ್ಯಾದಲ್ಲಿ ಹವಳದ ದಿಬ್ಬದ ಮೀನು ತಿಂದವರಿಗೆ ಕೈಕಾಲು ಜುಮ್ಮೆನ್ನುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಹಳೆಯ ಕಾಯಿಲೆ, ಸಿಗುವಾಟೆರಾ. 1977ರಲ್ಲಿ ಯಾಸುಮೊತೊ ಮತ್ತು ಅಲ್ಲಿನ ಸಂಗಡಿಗರು ಗ್ಯಾಂಬಿಯರ್ ದ್ವೀಪಗಳಲ್ಲಿ ಅದರ ಮೂಲವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ವಿಷದ ರಚನೆ ಹೊರಬಿದ್ದದ್ದು 1989ರಲ್ಲಿ. ಅದಕ್ಕೆ ನಾಲ್ಕು ಟನ್ ಮೊರೆ ಈಲ್ ಎಂಬ ಹಾವುಮೀನು ಬೇಕಾಯಿತು. ಕೈಗೆ ಬಂದದ್ದು 0.35 ಮಿಲಿಗ್ರಾಂ. ಒಂದು ರಾಗಿ ಕಾಳು ಅದಕ್ಕಿಂತ ಭಾರ. ಹನ್ನೆರಡು ವರ್ಷದ ಈ ನಡುವಿನ ಅವಧಿಯನ್ನು ನಮ್ಮ ಮೂರು ವರ್ಷದ ಪ್ರಾಜೆಕ್ಟಿನ ನಮೂನೆಯಲ್ಲಿ ಯಾವ ಕಲಮಿನಡಿ ತುಂಬುವುದು? "ಈ ಸಾಲಿನ ಫಲಿತಾಂಶ: ಇನ್ನೂ ಮೀನು ಬೇಕು" ಎಂದು ಬರೆದರೆ ಮುಂದಿನ ಕಂತು ಬರುತ್ತದೆಯೇ?

ನಮ್ಮಲ್ಲಿ ಜನ ಇಲ್ಲವೆಂದು ನಾನು ಒಪ್ಪುವುದಿಲ್ಲ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರುವಾಯಿ ತಿಂದವರಿಗೆ ವಿಷವೇರಿದಾಗ, ಅದು ಪಾರ್ಶ್ವವಾಯು ತರುವ ಬಗೆಯ ಚಿಪ್ಪುಮೀನಿನ ವಿಷ ಎಂದು ಗುರುತಿಸಿ ಮರುವರ್ಷವೇ 'ಕರೆಂಟ್ ಸೈನ್ಸ್'ನಲ್ಲಿ ಬರೆದವರು ಅಲ್ಲಿನ ಮೀನುಗಾರಿಕಾ ಕಾಲೇಜಿನವರು, ಇಂದ್ರಾಣಿ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡ. ಮಿಯಾಗಿಯಲ್ಲಿ ನಡೆದದ್ದಕ್ಕೂ ಇದಕ್ಕೂ ಆರಂಭದಲ್ಲಿ ಏನೇನೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಆಮೇಲಿನದು. ಮಂಗಳೂರಿನ ಅದೇ ಕೈಗಳಿಗೆ ಸೀಗಡಿಯ ಬಿಳಿಚುಕ್ಕೆ ರೋಗವೂ ಬಂತು, ವಿಬ್ರಿಯೊ ಬ್ಯಾಕ್ಟೀರಿಯಾವೂ ಬಂತು. ಎಲ್ಲವನ್ನೂ ಮಾಡಿದರು, ಚೆನ್ನಾಗಿಯೇ ಮಾಡಿದರು. ಆದರೆ ಮರುವಾಯಿಯ ವಿಷ ಒಂದನ್ನೇ ಹಿಡಿದು ಕೂರಲು ಇನ್ನೊಬ್ಬರನ್ನು ನೇಮಿಸಬೇಕೆಂದು ಯಾವ ಕಚೇರಿಗೂ ಹೊಳೆದಂತಿಲ್ಲ.

ಮಿಯಾಗಿಯಲ್ಲಿ ಪ್ರಾಂತ್ಯ ಸರ್ಕಾರವೇ ನೀರಿನ ಪಾಚಿ ಎಣಿಸುತ್ತದೆ, ಚಿಪ್ಪುಮೀನಿನ ವಿಷ ಅಳೆಯುತ್ತದೆ. ಮಿತಿ ದಾಟಿತೋ, ಆ ಕೊಲ್ಲಿಯ ಮಾಲು ಮಾರುಕಟ್ಟೆಗೆ ಹೋಗುವುದಿಲ್ಲ. ಪರೀಕ್ಷೆ ಮತ್ತೆ ಮತ್ತೆ ಮಿತಿಯೊಳಗೆ ಬಂದ ಮೇಲೆಯೇ ಬಾಗಿಲು ತೆರೆಯುತ್ತದೆ. ಬಂದರಿನಲ್ಲಿ ಸಿಂಪಿ ಸಾಕುವವರು ಆ ಪ್ರಕಟಣೆಯನ್ನು ಹವಾಮಾನ ವರದಿ ಓದಿದಷ್ಟೇ ನಿರ್ಲಿಪ್ತವಾಗಿ ಓದುವುದನ್ನು ಕಂಡಿದ್ದೇನೆ. ಬೈಯುತ್ತಾರೆ, ಆದರೆ ಪಾಲಿಸುತ್ತಾರೆ.

ಏನೂ ಆಗದ ವರ್ಷಗಳಲ್ಲೂ ಎಣಿಸುವುದರ ಬೆಲೆ 2011ರಲ್ಲಿ ಗೊತ್ತಾಯಿತು. ಸುನಾಮಿ ಸೆಂದಾಯ್ ಕೊಲ್ಲಿಯ ತಳವನ್ನು ಕಲಕಿದ ಮೇಲೆ, ಹೂಳಿನಲ್ಲಿ ಮಲಗಿದ್ದ, ಚಿಪ್ಪುಮೀನಿಗೆ ವಿಷ ತರುವ ಅಲೆಕ್ಸಾಂಡ್ರಿಯಂ ಪಾಚಿಯ ಕೋಶಗಳು ಹಿಂದಿಗಿಂತ ಹೆಚ್ಚಾಗಿ ಕಂಡವು. "ಹಿಂದಿಗಿಂತ" ಎಂದು ಹೇಳಲು ಸಾಧ್ಯವಾದದ್ದು ಸುನಾಮಿಗೆ ಮೊದಲೇ ಯಾರೋ ಕೂತು ಎಣಿಸಿಟ್ಟಿದ್ದರಿಂದ.

ನಮ್ಮ ಕಡೆ ಇದಕ್ಕೆ ಕೂಡಲೇ ಬರುವ ಉತ್ತರ ಉಪಗ್ರಹ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ಚಿತ್ರ ನೋಡಿ ಕಡಲಿನ ಪಾಚಿಯ ಸುದ್ದಿ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ಉಪಗ್ರಹ ನೋಡುವುದು ಬಣ್ಣ. ಡೈನೊಫಿಸಿಸ್ ಲೀಟರಿಗೆ ಕೆಲವು ನೂರು ಕೋಶಗಳಿದ್ದರೂ ಚಿಪ್ಪುಮೀನು ವಿಷವಾಗಬಹುದು. ನೀರು ತಿಳಿಯಾಗಿಯೇ ಇರುತ್ತದೆ. ದೋಣಿಯಲ್ಲಿ ಹೋಗಿ ಬಾಟಲಿ ಅದ್ದುವುದಕ್ಕೆ ಅಡ್ಡದಾರಿಯಿಲ್ಲ.

ಜಪಾನನ್ನು ಹೊಗಳುವ ಚಟಕ್ಕೂ ನಾನು ಬಿದ್ದಿಲ್ಲ. 2004ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳನ್ನು ನಿಗಮಗಳನ್ನಾಗಿ ಮಾಡಿದ ಮೇಲೆ ಮೂಲ ಅನುದಾನ ವರ್ಷವರ್ಷ ಕರಗಿತು, ಕಿರಿಯರು ಗುತ್ತಿಗೆಯ ಹುದ್ದೆಗಳಲ್ಲಿ ಅಲೆಯುತ್ತಿದ್ದಾರೆ. ಇವತ್ತಿನ ಯಾಸುಮೊತೊ ಒಬ್ಬ ನಾಲ್ಕು ಟನ್ ಮೀನು ಕೇಳಿದರೆ ಇಲ್ಲೂ ಸಮಿತಿಯವರು ಮುಖ ಮುಖ ನೋಡಿಕೊಂಡಾರು. ಹಿರಿಯ ಪ್ರೊಫೆಸರರ ಎದುರು ಎದುರುತ್ತರ ಕೊಡುವುದು ಇಲ್ಲಿ ನಮಗಿಂತಲೂ ಕಷ್ಟ. ಆ ವಿಷಯದಲ್ಲಿ ನಮ್ಮ ಹುಡುಗರ ಬಾಯೇ ವಾಸಿ. ಆದರೂ ಇಲ್ಲಿನ ಫ್ರೀಜರಿನಲ್ಲಿ, ಎಂದೋ ಬಿಟ್ಟುಹೋದ ವಿದ್ಯಾರ್ಥಿಯ ಕೈಬರಹದ ಚೀಟಿ ಹೊತ್ತ ಸೀಸೆಗಳು ಸಾಲಾಗಿರುತ್ತವೆ, ಜೊತೆಗೆ ಪಟ್ಟಿಯೂ. ನಾನು ಕಂಡ ನಮ್ಮ ಕಡೆಯ ಒಂದು ಪ್ರಯೋಗಾಲಯದಲ್ಲಿ ಥೀಸಿಸ್ ಒಪ್ಪಿಸಿದ ವಾರವೇ ಸೀಸೆಗಳನ್ನು ತೊಳೆದು ಕವುಚಿ ಹಾಕಿದ್ದರು, ಮುಂದಿನ ಬ್ಯಾಚಿಗೆ ಬೇಕಲ್ಲ ಎಂದು.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಫೇಸ್‌ಬುಕ್ಕಿನಲ್ಲಿ ನಾವೆಲ್ಲ ಸಂಭ್ರಮಿಸಿದೆವು, ಹಕ್ಕಿಗಳ ಫೋಟೊ ಹಂಚಿದೆವು. ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಆಯುವ ಕುಮಟಾ ಕಡೆಯ ಮನೆಗಳಿಗೆ ಆ ಪಟ್ಟಿಯ ಜೊತೆಗೆ ಇನ್ನೊಂದೂ ಬೇಕು: ವಾರಕ್ಕೊಮ್ಮೆ ನೀರು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ, ಈ ವಾರ ಆಯಬೇಡಿ ಎಂದರೆ ಅಷ್ಟು ದಿನದ ಕೂಲಿಯನ್ನೂ ಕೊಡಿಸುವ ಒಂದು ಖಾಯಂ ಹುದ್ದೆ. ಕೂಲಿ ಕೊಡದಿದ್ದರೆ ಆಯುವುದು ನಿಲ್ಲದು. ಜಿಲ್ಲಾ ಪಂಚಾಯಿತಿಯೋ ಮೀನುಗಾರಿಕೆ ಇಲಾಖೆಯೋ, ಯಾರ ಲೆಕ್ಕಕ್ಕೆ ಬೇಕಾದರೂ ಬರೆದುಕೊಳ್ಳಲಿ. ಮೂರು ವರ್ಷದ ಪ್ರಾಜೆಕ್ಟ್ ಮಾತ್ರ ಮಾಡಬೇಡಿ.